ಬಿ-ಕಾಂಪ್ಲೆಕ್ಸ್‌ಗೆ ಬಗ್ಗದ ಬಾಯಿಹುಣ್ಣು

"ಬಾಯಾಗ ಹುಣ್ಣಾಗ್ಯಾವ್ರಿ, ಒಂದು ಬಿ-ಕಾಂಪ್ಲೆಕ್ಸ್ ಕೊಡ್ರಿ."

ಸಿಂಧನೂರು, ಮಸ್ಕಿ, ಲಿಂಗಸುಗೂರು ಯಾವ ಊರಿನ ಔಷಧಿ ಅಂಗಡಿಯ ಮುಂದೆ ಅರ್ಧ ತಾಸು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಕೇಳುವುದಿಲ್ಲ, ಕೊಳ್ಳುವವರು ಹೇಳುವುದಿಲ್ಲ. ಗುಳಿಗೆ ಕೈ ಬದಲಾಗುತ್ತದೆ. ಹತ್ತರಲ್ಲಿ ಒಂಬತ್ತು ಸಲ ಇದರಿಂದ ಕೇಡೇನೂ ಇಲ್ಲ. ನಿದ್ದೆಗೆಟ್ಟದ್ದಕ್ಕೋ, ಹಲ್ಲು ತಾಗಿದ್ದಕ್ಕೋ ಬಂದ ಹುಣ್ಣು ಗುಳಿಗೆ ನುಂಗಿದರೂ ನುಂಗದಿದ್ದರೂ ವಾರ ಹತ್ತು ದಿನದಲ್ಲಿ ಮಾಯುತ್ತದೆ. ಈ ಲೇಖನದ ಪ್ರಶ್ನೆ ಹತ್ತನೆಯ ಸಲದ್ದು. ಮಾಯದ ಹುಣ್ಣು, ಒರೆಸಿದರೂ ಮತ್ತೆ ಕೂರುವ ಬಿಳಿ ಪದರ, ಹಲ್ಲು ಗಟ್ಟಿಯಿದ್ದರೂ ಕರಗುವ ವಸಡು ಏನನ್ನು ಹೇಳುತ್ತಿವೆ? ಹೇಳಿದ್ದನ್ನು ನಮ್ಮ ಹಲ್ಲಿನ ದವಾಖಾನೆಗಳು ಕೇಳಿಸಿಕೊಳ್ಳುತ್ತಿವೆಯೇ?

ಈ ಮೂರೂ ಊರುಗಳನ್ನು 150ಎ ರಾಷ್ಟ್ರೀಯ ಹೆದ್ದಾರಿ ಒಂದೇ ದಾರದಲ್ಲಿ ಪೋಣಿಸಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ಅಕ್ಕಿ ಗಿರಣಿ ಸಿಂಧನೂರಿನ ಗುರುತು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ. ಇವೆರಡರ ನಡುವೆ ಅಶೋಕನ ಶಾಸನದ ಮಸ್ಕಿ, ಈಗ ತಾನೂ ಒಂದು ತಾಲ್ಲೂಕು ಕೇಂದ್ರ. ಕಾಲುವೆ ತಲುಪಿದ ಊರಿಗೆ ಕೂಲಿಯವರು ಬರುತ್ತಾರೆ, ತಲುಪದ ಊರಿನವರು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ದವಾಖಾನೆಯ ಬೆಂಚಿನ ಮೇಲೆ ಕನ್ನಡ, ತೆಲುಗು, ಉರ್ದು, ಸಿಂಧನೂರಿನ ನಿರಾಶ್ರಿತರ ಕ್ಯಾಂಪುಗಳ ಬಂಗಾಳಿ ಎಲ್ಲವೂ ಕೇಳುತ್ತವೆ. ಯಾವ ಭಾಷೆಯಲ್ಲೇ ಆಗಲಿ, ಬಾಯಿಯ ದೂರು ಒಂದೇ: ಖಾರ ಹತ್ತುವುದಿಲ್ಲ, ರೊಟ್ಟಿ ಇಳಿಯುವುದಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿಯ ನಾಡಿನಲ್ಲಿ ಬಾಯಿ ಕೆಟ್ಟರೆ ಊಟವೇ ಕೆಟ್ಟಂತೆ. ಹಾಗಾಗಿ ದೂರು ಬೇಗನೇ ಬರುತ್ತದೆ. ತಡವಾಗುವುದು ಉತ್ತರ.

ಮೊದಲ ವರದಿಯಲ್ಲೇ ಬಾಯಿ ಇತ್ತು

ಆ ಕುರುಹುಗಳ ಹಿಂದೆ ಇರಬಹುದಾದ ಒಂದು ಕಾರಣ ಎಚ್‌ಐವಿ. ಅದು ತರುವ ಏಡ್ಸ್‌ಗೆ ಹೆಸರು ಹುಟ್ಟುವ ಮೊದಲೇ ಬಾಯಿ ಸಾಕ್ಷಿ ಹೇಳಿತ್ತು. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐದು ಯುವಕರ ವಿಚಿತ್ರ ನ್ಯುಮೋನಿಯಾದ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬಂತು. ಏಡ್ಸ್ ಕುರಿತು ಜಗತ್ತು ಓದಿದ ಮೊದಲ ವರದಿ ಅದೇ. ಆ ಐವರಲ್ಲೂ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಇತ್ತೆಂದು ಅದರಲ್ಲೇ ದಾಖಲಾಗಿದೆ. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡೆಬೊರಾ ಗ್ರೀನ್‌ಸ್ಪ್ಯಾನ್ ಮತ್ತು ಜಾನ್ ಗ್ರೀನ್‌ಸ್ಪ್ಯಾನ್ ಅವರ ತಂಡ ನಾಲಿಗೆಯ ಅಂಚಿನಲ್ಲಿ ಕಾಣುವ, ಅಲ್ಲಿಯವರೆಗೆ ಯಾರೂ ವಿವರಿಸದಿದ್ದ ಬಿಳಿ ಗೀರುಗಳನ್ನು ಗುರುತಿಸಿ ಹೇರಿ ಲ್ಯೂಕೋಪ್ಲೇಕಿಯಾ ಎಂದು ಹೆಸರಿಟ್ಟಿತು. ಎಚ್‌ಐವಿಯ ಬಾಯಿಯ ಕುರುಹುಗಳನ್ನು ಸೋಂಕಿನೊಂದಿಗೆ ಗಾಢ ನಂಟಿರುವವು, ಅಷ್ಟಿಲ್ಲದವು, ಆಗೀಗ ಕಾಣುವವು ಎಂದು ಮೂರು ಗುಂಪು ಮಾಡಿದ ಅಂತರರಾಷ್ಟ್ರೀಯ ಪಟ್ಟಿ 1993ರಲ್ಲಿ ಪ್ರಕಟವಾಯಿತು. ದಂತವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಓದುವುದು ಅದನ್ನೇ.

ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಕೆಲಸದಿಂದ. ಅದೇ ನಗರದಲ್ಲಿ ದಂತವೈದ್ಯ ಕೆ. ರಂಗನಾಥನ್ ಮತ್ತು ಸಂಗಡಿಗರು ದಕ್ಷಿಣ ಭಾರತದ 300 ಸೋಂಕಿತರ ಬಾಯಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಪಾಲಿಗೆ ದೊಡ್ಡ ಆಧಾರ. ಪಾಶ್ಚಾತ್ಯ ಪುಸ್ತಕಗಳು ಪುಟಗಟ್ಟಲೆ ಬರೆದ ಕಪೋಸಿ ಸಾರ್ಕೋಮಾ ಎಂಬ ನೇರಳೆ ಗಂಟು ನಮ್ಮಲ್ಲಿ ತೀರ ಅಪರೂಪ. ನಮ್ಮ ಬಾಯಿಗಳಲ್ಲಿ ಮೇಲುಗೈ ಕ್ಯಾಂಡಿಡಾದ್ದು, ವಸಡಿನ ರೋಗಗಳದ್ದು. ಪುಸ್ತಕದ ಚಿತ್ರ ಹಿಡಿದು ಕಾದು ಕುಳಿತ ವೈದ್ಯರಿಗೆ ನಮ್ಮ ರೋಗಿ ಕಾಣಿಸುವುದೇ ಇಲ್ಲ.

ಕರ್ನಾಟಕ ಒಂದು ಕಾಲಕ್ಕೆ ದೇಶದ ಆರು ಅತಿ ಹೆಚ್ಚು ಬಾಧಿತ ರಾಜ್ಯಗಳಲ್ಲೊಂದು. 2004ರ ಏಪ್ರಿಲ್ 1ರಂದು ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧಿಯ ಉಚಿತ ಚಿಕಿತ್ಸೆ ಶುರುವಾದದ್ದು ಆ ಆರು ರಾಜ್ಯಗಳು ಮತ್ತು ದೆಹಲಿಯಲ್ಲಿ. ಅಲ್ಲಿಂದ ಸೋಂಕು ಬಹಳ ಇಳಿದಿದೆ, ಆದರೆ ಮುಗಿದಿಲ್ಲ. ದೇಶದಲ್ಲಿ ಇಂದು 25 ಲಕ್ಷಕ್ಕೂ ಹೆಚ್ಚು ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆಂಬುದು ರಾಷ್ಟ್ರೀಯ ಅಂದಾಜು. ವಯಸ್ಕರಲ್ಲಿ ಸೋಂಕಿನ ಪ್ರಮಾಣ ದೇಶದಲ್ಲಿ ಶೇ 0.2ರ ಆಸುಪಾಸು, ಕರ್ನಾಟಕದಲ್ಲಿ ಅದರ ಸುಮಾರು ಎರಡು ಪಟ್ಟು. ಈ ಲೆಕ್ಕದ ಪ್ರಕಾರ ತಾಲ್ಲೂಕಿನ ಹಲ್ಲಿನ ವೈದ್ಯರೊಬ್ಬರು ವರ್ಷಕ್ಕೆ ಸಾವಿರಾರು ಬಾಯಿ ನೋಡುತ್ತಾರೆಂದರೆ, ಅವುಗಳಲ್ಲಿ ಕೆಲವು ಸೋಂಕಿತರದ್ದೇ ಆಗಿರಬೇಕು. ತಮ್ಮ ಕುರ್ಚಿಗೆ ಸೋಂಕಿತರು ಬಂದೇ ಇಲ್ಲ ಎನ್ನುವ ವೈದ್ಯರು ಗುರುತಿಸಿಲ್ಲ ಅಷ್ಟೆ.

ಏನೇನು ಕಾಣುತ್ತದೆ

ದೇಹವನ್ನು ರೋಗದಿಂದ ಕಾಯುವ ಸಿಡಿ4 ಎಂಬ ಬಿಳಿಕಣಗಳು ಕಡಿಮೆಯಾದಂತೆ ಬಾಯಿಯಲ್ಲಿ ಮೊದಲಿನಿಂದಲೂ ತೆಪ್ಪಗಿದ್ದ ಸೂಕ್ಷ್ಮಜೀವಿಗಳು ತಲೆ ಎತ್ತುತ್ತವೆ. ಕ್ಯಾಂಡಿಡಾ ಆರೋಗ್ಯವಂತರ ಬಾಯಿಯಲ್ಲೂ ಇರುತ್ತದೆ. ಕಾವಲುಗಾರ ನಿದ್ದೆಹೋದಾಗ ಮಾತ್ರ ಅದು ಮನೆಯೊಡೆಯನಾಗುತ್ತದೆ.

ಅದರ ರೂಪ ಮೂರು. ಎಲ್ಲರಿಗೂ ಗೊತ್ತಿರುವುದು ಬಿಳಿಯದು. ಕೆನ್ನೆಯ ಒಳಮೈ, ಅಂಗುಳು, ನಾಲಿಗೆಯ ಮೇಲೆ ಒಡೆದ ಹಾಲಿನ ಗರಣೆಯಂತೆ ಕೂತಿರುತ್ತದೆ. ವೈದ್ಯರು ಬೆರಳಿಗೆ ಗಾಜ್ ಬಟ್ಟೆಯ ತುಂಡು ಸುತ್ತಿ ಮೆಲ್ಲಗೆ ಒರೆಸಿದರೆ ಪದರ ಎದ್ದು ಬರುತ್ತದೆ, ಕೆಳಗೆ ಹಸಿ ಕೆಂಪು ಮೈ ಕಾಣುತ್ತದೆ, ಒಮ್ಮೊಮ್ಮೆ ರಕ್ತದ ಹನಿಯೂ ಜಿನುಗುತ್ತದೆ. ಹತ್ತು ಸೆಕೆಂಡಿನ ಈ ಪರೀಕ್ಷೆಗೆ ಎಕ್ಸ್‌ರೇ ಬೇಡ, ಲ್ಯಾಬ್ ಬೇಡ. ಎರಡನೆಯ ರೂಪ ಕೆಂಪು: ಅಂಗುಳಿನ ನಡುವೆ ಅಥವಾ ನಾಲಿಗೆಯ ಬೆನ್ನಿನಲ್ಲಿ ನುಣುಪಾದ, ಉರಿಯುವ ಕೆಂಪು ಮಚ್ಚೆ. ಬಿಳಿಯದನ್ನು ಹುಡುಕುವ ಕಣ್ಣು ಇದನ್ನು ದಾಟಿಹೋಗುತ್ತದೆ. ಮೂರನೆಯದು ಕಟವಾಯಿ ಸೀಳುವುದು.

ನಾಲಿಗೆಯ ಎರಡೂ ಬದಿಯ ಅಂಚಿನಲ್ಲಿ ಉದ್ದುದ್ದ ಬಿಳಿ ಮಡಿಕೆಗಳಿದ್ದು ಒರೆಸಿದರೆ ಬರದಿದ್ದರೆ, ಅದು ಹೇರಿ ಲ್ಯೂಕೋಪ್ಲೇಕಿಯಾ ಇರಬಹುದು. ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನ ಕೆಲಸ. ನೋವಿಲ್ಲ, ಹಾಗಾಗಿ ಯಾರೂ ತೋರಿಸಲು ಬರುವುದಿಲ್ಲ. ಹಲ್ಲು ಕೀಳಿಸಲು ಬಂದವರ ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆಳೆದು ನೋಡಿದರೆ ಮಾತ್ರ ಕಾಣುತ್ತದೆ.

ವಸಡಿನ ಕತೆಯೇ ಬೇರೆ. ಹಲ್ಲಿಗೆ ಅಂಟಿದ ವಸಡಿನ ಅಂಚಿನಲ್ಲಿ ಎರಡು ಮೂರು ಮಿಲಿಮೀಟರ್ ಅಗಲದ, ಗೆರೆ ಎಳೆದಂಥ ಕೆಂಪು ಪಟ್ಟಿ ಕಾಣಬಹುದು. ಪಾಚಿ ತೆಗೆದು ಸ್ವಚ್ಛ ಮಾಡಿದರೂ ಅದು ಇಳಿಯದಿದ್ದರೆ ಅನುಮಾನ ಪಡಬೇಕು. ಇದಕ್ಕಿಂತ ಭೀಕರವಾದದ್ದು ವಸಡು ಕೊಳೆಯುವ ರೋಗ. ಹಲ್ಲುಗಳ ನಡುವಿನ ವಸಡಿನ ತುದಿ ಚಮಚದಿಂದ ತೋಡಿದಂತೆ ಹಳ್ಳವಾಗುತ್ತದೆ, ಬೂದು ಬಣ್ಣದ ಸತ್ತ ಪೊರೆ ಕೂರುತ್ತದೆ, ತೀವ್ರ ನೋವು, ರಕ್ತ, ದೂರದಿಂದಲೇ ಬಡಿಯುವ ನಾತ. ಸಾಮಾನ್ಯ ವಸಡಿನ ರೋಗ ವರ್ಷಗಳಲ್ಲಿ ಮಾಡುವ ಹಾನಿಯನ್ನು ಇದು ವಾರಗಳಲ್ಲಿ ಮಾಡಿ ಮುಗಿಸುತ್ತದೆ. ಮೂಳೆಯವರೆಗೆ ಹೋದಾಗ ಸಿಡಿ4 ಎಣಿಕೆ ಹೆಚ್ಚಾಗಿ 200ಕ್ಕಿಂತ ಕೆಳಗೆ ಬಿದ್ದಿರುತ್ತದೆ.

ಇವಲ್ಲದೆ ತಿಂಗಳು ಕಳೆದರೂ ಮಾಯದ ದೊಡ್ಡ ಹುಣ್ಣುಗಳು, ತುಟಿಯ ಹರ್ಪಿಸ್ ಗುಳ್ಳೆಗಳು, ಮುಖದ ಒಂದೇ ಬದಿಗೆ ಬರುವ ಸರ್ಪಸುತ್ತು, ಬಾಯಿಯೊಳಗಿನ ನರುಲಿಗಳು, ಒಣಗುವ ಬಾಯಿ. ಮಕ್ಕಳಲ್ಲಿ ನೋಡಬೇಕಾದ್ದು ಬೇರೆ: ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿ ಮಂಗನಬಾವು ಬಂದಂತೆ ಊದಿ, ಜ್ವರ ನೋವಿಲ್ಲದೆ ತಿಂಗಳುಗಟ್ಟಲೆ ಹಾಗೆಯೇ ಇರುವುದು. ಹಾಲು ಕುಡಿಯುವ ಕೂಸಿನ ಬಾಯಿಯಲ್ಲಿ ಬಿಳುಪು ಸಾಮಾನ್ಯ. ಎರಡು ತಿಂಗಳು ದಾಟಿದ ಮೇಲೂ ಬಿಡದೆ ಮರುಕಳಿಸಿದರೆ ಮಾತ್ರ ಎಚ್ಚರ ಬೇಕು.

ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿಯನ್ನು ನಾಲ್ಕು ಹಂತಗಳಾಗಿ ವಿಂಗಡಿಸುವಾಗ ಈ ಬಾಯಿಯ ಕುರುಹುಗಳಿಗೆ ಕೊಟ್ಟ ಸ್ಥಾನ ಗಮನಾರ್ಹ. ಕಟವಾಯಿ ಸೀಳು, ಮತ್ತೆ ಮತ್ತೆ ಬರುವ ಹುಣ್ಣು ಎರಡನೆಯ ಹಂತ. ಬಿಡದ ಕ್ಯಾಂಡಿಡಾ, ಹೇರಿ ಲ್ಯೂಕೋಪ್ಲೇಕಿಯಾ, ಕೊಳೆಯುವ ವಸಡು ಮೂರನೆಯ ಹಂತ. ಶ್ವಾಸಕೋಶದ ಕ್ಷಯವೂ ಅದೇ ಹಂತದಲ್ಲಿದೆ. ಅಂದರೆ ಹಲ್ಲಿನ ವೈದ್ಯರು ಕಾಣುವ ಬಿಳಿ ಪದರ ಎದೆಯ ವೈದ್ಯರು ಕಾಣುವ ಟಿಬಿಯಷ್ಟೇ ತೂಕದ ಸಾಕ್ಷಿ. ಶಿಲೀಂಧ್ರ ಅನ್ನನಾಳಕ್ಕಿಳಿದು ನುಂಗುವುದೇ ಕಷ್ಟವಾದರೆ ಅದು ನಾಲ್ಕನೆಯ, ಕಡೆಯ ಹಂತ. ಬಾಯಿಯಿಂದ ಗಂಟಲಿಗೆ ಎಷ್ಟು ದೂರವೋ ಮೂರನೆಯ ಹಂತದಿಂದ ನಾಲ್ಕನೆಯದಕ್ಕೆ ಅಷ್ಟೇ ದೂರ.

ಬಿರುದು ಬೇರೆ, ಹೆಸರು ಬೇರೆ

ಮಸ್ಕಿಗೆ ಚರಿತ್ರೆಯಲ್ಲಿ ದೊಡ್ಡ ಸ್ಥಾನ ಸಿಕ್ಕಿದ್ದು ಒಂದು ಹೆಸರಿನಿಂದ. ದೇಶದ ಬಂಡೆಗಳ ಮೇಲೆಲ್ಲ 'ದೇವಾನಾಂಪಿಯ', 'ಪಿಯದಸಿ' ಎಂಬ ಬಿರುದುಗಳಿದ್ದವು, ಯಾರು ಎಂಬುದು ಊಹೆಯಾಗಿತ್ತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿತು, ಊಹೆ ಮುಗಿಯಿತು. ಬಾಯಿಯ ಕುರುಹುಗಳೂ ಬಿರುದುಗಳಂತೆ. ರೋಗನಿರೋಧಕ ಶಕ್ತಿ ಕುಗ್ಗಿದೆ ಎಂದಷ್ಟೇ ಅವು ಹೇಳುತ್ತವೆ. ಯಾಕೆ ಕುಗ್ಗಿತು ಎಂಬ ಹೆಸರು ರಕ್ತದಲ್ಲಿದೆ.

ಈ ಮಾತು ಈ ಭಾಗಕ್ಕೆ ಇನ್ನೂ ಹೆಚ್ಚು ಅನ್ವಯ. ಇಲ್ಲಿನ ಬಾಯಿ ಮೊದಲೇ ಹಲವು ಗುರುತು ಹೊತ್ತದ್ದು. ತಂಬಾಕು, ಸುಣ್ಣ, ಅಡಿಕೆ ಅರೆದು ದವಡೆಯ ಸಂದಿಗಿಟ್ಟವರ ಕೆನ್ನೆ ಬೆಳ್ಳಗಾಗಿರುತ್ತದೆ. ರಾಜ್ಯದಲ್ಲಿ 2013ರ ಮೇ 31ರಂದು ಗುಟ್ಕಾ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಬಾಯಿಯಲ್ಲಿ ಎರಡೂ ಒಂದಾಗುತ್ತವೆ. ಆ ಬಿಳುಪು ಒರೆಸಿದರೆ ಬರುವುದಿಲ್ಲ, ತಂಬಾಕು ಇಟ್ಟ ಜಾಗದಲ್ಲೇ ಇರುತ್ತದೆ. ಅದರ ಮುಂದಿನ ಭಯ ಕ್ಯಾನ್ಸರ್. ಅಡಿಕೆಯಿಂದ ಬಾಯಿ ಬಿಗಿದು ಎರಡು ಬೆರಳು ಹೋಗದಂತಾದವರಲ್ಲಿ ಒಳಗೇನಿದೆಯೆಂದು ನೋಡುವುದೇ ಕಷ್ಟ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಪಟ್ಟೆಗೂ ಎಚ್‌ಐವಿಗೂ ಸಂಬಂಧವಿಲ್ಲ. ಕಟವಾಯಿ ಸೀಳಿದ ಹೆಣ್ಣುಮಗಳಲ್ಲಿ ಮೊದಲು ಹುಡುಕಬೇಕಾದ್ದು ರಕ್ತಹೀನತೆ. ಬಾಯಿಯ ಬಿಳಿ ಪದರಕ್ಕೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ವಾರಗಟ್ಟಲೆ ನುಂಗಿದ ಆ್ಯಂಟಿಬಯಾಟಿಕ್, ಉಬ್ಬಸದ ಪಂಪು, ಸ್ಟಿರಾಯ್ಡ್ ಇವೂ ಕಾರಣ. ಸರ್ಕಾರದ ದಂತಭಾಗ್ಯ ಯೋಜನೆಯಡಿ ಹಲ್ಲಿನ ಸೆಟ್ ಹಾಕಿಸಿಕೊಂಡ ಅಜ್ಜ ಅದನ್ನು ರಾತ್ರಿಯೂ ತೆಗೆಯದೆ ಮಲಗಿದರೆ ಅಂಗುಳು ಕೆಂಪಾಗುತ್ತದೆ. ಆಗ ಬೇಕಾದ್ದು ರಾತ್ರಿ ಸೆಟ್ ನೀರಿನಲ್ಲಿಡುವ ಅಭ್ಯಾಸ.

ಆದ್ದರಿಂದ ಬಾಯಿ ನೋಡಿ ತೀರ್ಪು ಕೊಡುವುದು ತಪ್ಪು. ಬಾಯಿ ನೋಡಿಯೂ ಪರೀಕ್ಷೆ ಬರೆಯದಿರುವುದು ಅದಕ್ಕಿಂತ ದೊಡ್ಡ ತಪ್ಪು. ಮೊದಲನೆಯದು ಮರ್ಯಾದೆ ಕಳೆಯುತ್ತದೆ, ಎರಡನೆಯದು ಆಯಸ್ಸು ಕಳೆಯುತ್ತದೆ.

ಔಷಧಿ ಬಂದ ಮೇಲೆ ಕುರುಹಿನ ಅರ್ಥ ಬದಲಾಯಿತು

2004ರ ಮೊದಲು ಈ ಕುರುಹುಗಳನ್ನು ಕಂಡ ವೈದ್ಯರಿಗೆ ಕೊಡಲು ಹೆಚ್ಚೇನೂ ಇರಲಿಲ್ಲ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಎಆರ್‌ಟಿ ಶುರು ಮಾಡುವ ನೀತಿ ಬಂತು. ಈಗ ಹೆಚ್ಚಿನವರಿಗೆ ಮೂರು ಔಷಧಿ ಸೇರಿದ ದಿನಕ್ಕೊಂದೇ ಗುಳಿಗೆ. ತಪ್ಪದೆ ನುಂಗಿದವರ ಬಾಯಿಯಲ್ಲಿ ಕ್ಯಾಂಡಿಡಾ, ಹೇರಿ ಲ್ಯೂಕೋಪ್ಲೇಕಿಯಾ ವಿರಳವಾಗುತ್ತವೆ. ಜಗತ್ತಿನೆಲ್ಲೆಡೆಯ ಅನುಭವ ಇದೇ.

ಹಾಗಾಗಿ ಇವತ್ತು ಬಾಯಿಯ ಬಿಳಿ ಪದರಕ್ಕೆ ಎರಡು ಅರ್ಥ. ಪರೀಕ್ಷೆಯೇ ಆಗದವರಲ್ಲಿ ಕಂಡರೆ ಪರೀಕ್ಷೆ ಮಾಡಿಸಿ ಎಂದರ್ಥ. ಎಆರ್‌ಟಿಯಲ್ಲಿ ಇರುವವರಲ್ಲಿ ಹೊಸದಾಗಿ ಕಂಡರೆ ಗುಳಿಗೆ ತಪ್ಪಿದೆ ಅಥವಾ ಗುಳಿಗೆ ಕೆಲಸ ನಿಲ್ಲಿಸಿದೆ ಎಂದರ್ಥ. ಗುಳೆಯ ನಾಡಿನಲ್ಲಿ ಈ ಎರಡನೆಯದು ಮುಖ್ಯ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟವರು ಗುಳಿಗೆ ಡಬ್ಬಿ ಊರಲ್ಲೇ ಬಿಟ್ಟಿರಬಹುದು, ಶೆಡ್ಡಿನಲ್ಲಿ ನಾಲ್ಕು ಜನರ ಕಣ್ಣೆದುರು ನುಂಗಲು ಅಂಜಿರಬಹುದು. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಚಿಕಿತ್ಸೆ ವರ್ಗಾಯಿಸಿಕೊಳ್ಳುವ ವ್ಯವಸ್ಥೆ ಇದೆ ಎಂಬುದೇ ಗೊತ್ತಿಲ್ಲದಿರಬಹುದು. ಊರಿಗೆ ಮರಳಿದಾಗ ಮೊದಲು ಮಾತಾಡುವುದು ಬಾಯಿ.

ಔಷಧಿಯದ್ದೂ ಒಂದಷ್ಟು ಗುರುತು ಉಳಿಯುತ್ತದೆ. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಜಿಡೊವುಡಿನ್ ಉಗುರು, ನಾಲಿಗೆ, ಕೆನ್ನೆಯ ಒಳಮೈಯನ್ನು ಕಪ್ಪಾಗಿಸುತ್ತಿತ್ತು. ಕೆಲವರಿಗೆ ಬಾಯಿ ಒಣಗಿ ಹಲ್ಲು ಹುಳುಕಾಗುತ್ತದೆ. ಎಆರ್‌ಟಿ ಪಡೆಯುವವರಲ್ಲಿ ಬಾಯಿಯ ನರುಲಿಗಳು ಹೆಚ್ಚಿದ್ದನ್ನೂ ಅಧ್ಯಯನಗಳು ಗುರುತಿಸಿವೆ. ಔಷಧಿ ಚೀಟಿ ಬರೆಯುವ ಕೈಗೂ ಒಂದು ಎಚ್ಚರಿಕೆ ಬೇಕು. ಈಗಿನ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್, ಅಲ್ಯೂಮಿನಿಯಂ ಮೆಗ್ನೀಸಿಯಂ ಇರುವ ಆ್ಯಸಿಡಿಟಿ ಔಷಧದ ಜೊತೆಗೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ಜೊತೆಗೆ ನುಂಗಿದರೂ ಅದೇ ತೊಂದರೆ. ಹಲ್ಲುನೋವಿಗೆ ಬರೆದ ಚೀಟಿಯ ಕೊನೆಯಲ್ಲಿ 'ಹೊಟ್ಟೆಗೆ ಇರಲಿ' ಎಂದು ಸೇರಿಸಿದ ಔಷಧ ಎಚ್‌ಐವಿಯ ಚಿಕಿತ್ಸೆಯನ್ನು ಕೆಡಿಸಬಹುದು.

ಬಾಯಿಯ ಚಿಕಿತ್ಸೆ ಮಾತ್ರ ಕಷ್ಟದ್ದಲ್ಲ. ಕ್ಯಾಂಡಿಡಾಕ್ಕೆ ಹಚ್ಚುವ ಕ್ಲೋಟ್ರಿಮಜೋಲ್, ನುಂಗುವ ಫ್ಲುಕೊನಜೋಲ್. ಕೊಳೆವ ವಸಡಿಗೆ ಸ್ವಚ್ಛಗೊಳಿಸುವಿಕೆ, ಮೆಟ್ರೊನಿಡಜೋಲ್, ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಕೆ. ಹಲ್ಲು ಕೀಳುವುದಕ್ಕೂ ಎಚ್‌ಐವಿ ಒಂದೇ ಕಾರಣವಾಗಿ ಅಡ್ಡಿಯಲ್ಲ. ರಕ್ತದ ಪ್ಲೇಟ್‌ಲೆಟ್, ಬಿಳಿಕಣ ತೀರ ಇಳಿದಿಲ್ಲವೆಂದು ನೋಡಿಕೊಂಡರೆ ತಾಲ್ಲೂಕಿನಲ್ಲೇ ಕೀಳಬಹುದು.

ಕುರ್ಚಿಯಿಂದ ಐಸಿಟಿಸಿವರೆಗೆ

ಜ್ಞಾನದ ಕೊರತೆ ದೊಡ್ಡದಲ್ಲ. ರಾಯಚೂರಿನಲ್ಲೇ ಎರಡು ದಂತ ಕಾಲೇಜುಗಳಿವೆ, ರಿಮ್ಸ್ ವೈದ್ಯಕೀಯ ಕಾಲೇಜು ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎಚ್‌ಐವಿಯ ಉಚಿತ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಮಾಡುವ ಐಸಿಟಿಸಿ ಇದೆ. ದಾರಿ ತಪ್ಪುವುದು ನಡುವೆ. ಮೊದಲು ಔಷಧಿ ಅಂಗಡಿ, ಆಮೇಲೆ ಊರಿನ ಆರ್‌ಎಂಪಿ ವೈದ್ಯರು, ಆಮೇಲೆ ಇನ್ನೊಂದು ಔಷಧಿ ಅಂಗಡಿ. ಹಲ್ಲಿನ ವೈದ್ಯರ ಬಳಿ ಬರುವ ಹೊತ್ತಿಗೆ ತಿಂಗಳುಗಳು ಸಂದಿರುತ್ತವೆ. ಅಲ್ಲೂ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 'ಎಚ್‌ಐವಿ ಪರೀಕ್ಷೆ' ಎಂದರೆ ರೋಗಿ ಏನಂದುಕೊಂಡಾರು, ನಾಳೆಯಿಂದ ಬರುವರೋ ಇಲ್ಲವೋ ಎಂದು ವೈದ್ಯರು ಸುಮ್ಮನಾಗುತ್ತಾರೆ.

ಆ ಮಾತನ್ನು ಆಡುವ ಬಗೆ ಇದೆ. ಅಕ್ಕಿ ಗಿರಣಿಯ ಹಮಾಲರೊಬ್ಬರು ಸಿಂಧನೂರಿನ ದವಾಖಾನೆಗೆ ಬಂದರು ಎಂದಿಟ್ಟುಕೊಳ್ಳೋಣ.

"ಹಲ್ಲು ಅಲ್ಲಾಡ್ಲಿಕತ್ತೈತ್ರಿ ಡಾಕ್ಟ್ರೇ, ಕಿತ್ತಿಬಿಡ್ರಿ."

"ಹಲ್ಲಿಂದು ಆಮ್ಯಾಗ ನೋಡೋಣ್ರಿ ಯಜಮಾನ್ರೇ. ಬಾಯಾಗ ಬೆಳ್ಳಗ ಕುಂತೈತಲ್ಲ, ಎಷ್ಟು ದಿನ ಆತು?"

"ಮೂರು ತಿಂಗ್ಳಾತ್ರಿ. ಗುಳಿಗಿ ತಗೊಂಡ್ರ ಕಮ್ಮಿ ಆಕ್ಕೈತಿ, ಮತ್ತ ಬರ್ತೈತಿ."

"ಸಕ್ರಿ ಕಾಯಿಲೆ ಐತೇನ್ರಿ?"

"ಗೊತ್ತಿಲ್ರಿ, ತೋರ್ಸಿಲ್ಲ."

"ಹಂಗಾದ್ರ ರಕ್ತ ತಪಾಸ್ ಮಾಡ್ಸೋಣ. ಸಕ್ರಿ, ರಕ್ತದ ಪ್ರಮಾಣ, ಎಚ್‌ಐವಿ, ಮೂರೂ. ಹಿಂಗ ಬಿಳುಪು ಕುಂತವ್ರಿಗೆಲ್ಲ ಇವು ಮೂರೂ ಬರೀತೀನ್ರಿ, ನಿಮಗೊಬ್ರಿಗೇ ಅಲ್ಲ. ಒಪ್ಪಿಗಿ ನಿಮ್ದು. ಏನು ಬಂತು ಅನ್ನೋದು ನಿಮಗ, ನೋಡೋ ಡಾಕ್ಟ್ರಿಗೆ ಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ."

ಇದರಲ್ಲಿ ನಾಲ್ಕು ಕೆಲಸ ಆದವು. ಎಚ್‌ಐವಿಯನ್ನು ಸಕ್ಕರೆ ಕಾಯಿಲೆಯ ಸಾಲಿನಲ್ಲೇ ಕೂರಿಸಲಾಯಿತು. 'ನಿಮಗೊಬ್ಬರಿಗೇ ಅಲ್ಲ' ಎನ್ನುವ ಮೂಲಕ ಅನುಮಾನದ ಮುಳ್ಳು ತೆಗೆಯಲಾಯಿತು. ಒಪ್ಪಿಗೆ ಕೇಳಲಾಯಿತು, ಗುಟ್ಟಿನ ಭರವಸೆ ಕೊಡಲಾಯಿತು. 'ಎಲ್ಲೆಲ್ಲಿ ಹೋಗಿದ್ದೆ' ಎಂದು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇಲ್ಲ. ಐಸಿಟಿಸಿಯಲ್ಲಿ ಒಂದು ಕಿಟ್‌ನಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ತೀರ್ಮಾನವಿಲ್ಲ. ಬೇರೆ ಬೇರೆ ಮೂರು ಪರೀಕ್ಷೆಗಳಲ್ಲಿ ಖಚಿತವಾದ ಮೇಲೆಯೇ ಹೇಳುತ್ತಾರೆ.

ಭಯ ಯಾರಿಗೆ, ಯಾತಕ್ಕೆ

ಇನ್ನೊಂದು ತೊಡಕು ವೈದ್ಯರ ಭಯದ್ದು. ಹಲ್ಲಿನ ಕೆಲಸವೆಂದರೆ ರಕ್ತ, ಜೊಲ್ಲು, ಚೂಪು ಉಪಕರಣ. ಭಯ ಸಹಜ. ಆದರೆ ಲೆಕ್ಕ ಏನು ಹೇಳುತ್ತದೆ? ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ ಆರರಿಂದ ಮೂವತ್ತು. ಎಚ್‌ಐವಿಗೆ ಅಂಜಿ ರೋಗಿಯನ್ನು ವಾಪಸು ಕಳಿಸುವ ದವಾಖಾನೆಯಲ್ಲಿ ಸಹಾಯಕ ಹುಡುಗನಿಗೆ ಹೆಪಟೈಟಿಸ್ ಲಸಿಕೆ ಹಾಕಿಸಿದೆಯೇ ಎಂದು ಮೊದಲು ಕೇಳಬೇಕು. ರಕ್ತ ಬೆರೆಯದ ಜೊಲ್ಲಿನಿಂದ ಎಚ್‌ಐವಿ ಹರಡುವುದಿಲ್ಲ. ಸೂಜಿ ಚುಚ್ಚಿದರೂ ತಡೆ ಔಷಧಿ ಇದೆ. ಆದಷ್ಟು ಎರಡು ತಾಸಿನೊಳಗೆ, ಹೆಚ್ಚೆಂದರೆ 72 ತಾಸಿನೊಳಗೆ ಶುರು ಮಾಡಿ 28 ದಿನ ನುಂಗಬೇಕು.

ರೋಗಿಗಳ ಕಡೆಯ ಭಯಕ್ಕೂ ಒಂದು ಚರಿತ್ರೆ ಇದೆ. 1990ರಲ್ಲಿ ಫ್ಲೋರಿಡಾದ ದಂತವೈದ್ಯರೊಬ್ಬರಿಂದ ರೋಗಿಗಳಿಗೆ ಸೋಂಕು ತಗಲಿದ ಪ್ರಕರಣ ಬೆಳಕಿಗೆ ಬಂದು ಜಗತ್ತೇ ಬೆಚ್ಚಿತು. ಕೊನೆಗೆ ಆರು ರೋಗಿಗಳ ಲೆಕ್ಕ ಸಿಕ್ಕಿತು. ಹೇಗೆ ತಗಲಿತೆಂಬುದು ಬಗೆಹರಿಯಲೇ ಇಲ್ಲ. ಆದರೆ ಪ್ರತಿ ರೋಗಿಗೆ ಹೊಸ ಕೈಗವಸು, ಪ್ರತಿ ಉಪಕರಣಕ್ಕೆ ಆಟೋಕ್ಲೇವ್ ಎಂಬ ಶಿಸ್ತು ಗಟ್ಟಿಯಾಗಲು ಆ ಭಯವೂ ಒಂದು ಕಾರಣ.

ಆಟೋಕ್ಲೇವ್ ಎಂದರೆ ನಮ್ಮ ಕುಕ್ಕರಿನ ಅಣ್ಣ. 15 ಪೌಂಡ್ ಒತ್ತಡ, 121 ಡಿಗ್ರಿ ಹಬೆ. ಉಪಕರಣ ತೊಳೆದು, ಚೀಲದಲ್ಲಿ ಮುಚ್ಚಿ ಇಟ್ಟು, ಸಮಯ ಮುಗಿದಾಗ ಮೇಲಿನ ಸೂಚಕ ಪಟ್ಟಿಯ ಗೆರೆಗಳು ಬಣ್ಣ ಬದಲಿಸಿರಬೇಕು. ಎಚ್‌ಐವಿ ಬಿಸಿಗೆ ಬೇಗ ಸಾಯುವ ವೈರಸ್, ಅದಕ್ಕಿಂತ ಗಟ್ಟಿ ಜೀವಿಗಳೂ ಇಲ್ಲಿ ಉಳಿಯುವುದಿಲ್ಲ. ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ ಅದ್ದಿ ತೆಗೆಯುವುದು ಇದಕ್ಕೆ ಸಮವಲ್ಲ. ರೋಗಿಯಾದವರು ಕುರ್ಚಿ ಏರುವ ಮುನ್ನ 'ಚೀಲ ನನ್ನೆದುರೇ ಒಡೀರಿ' ಎಂದು ಕೇಳುವುದು ಅವಮರ್ಯಾದೆಯಲ್ಲ, ಹಕ್ಕು.

ಈ ಶಿಸ್ತು ಎಲ್ಲರಿಗೂ ಒಂದೇ ಆಗಿದ್ದರೆ 'ಯಾರಿಗೆ ಎಚ್‌ಐವಿ ಇದೆ' ಎಂಬುದು ಸುರಕ್ಷತೆಯ ಪ್ರಶ್ನೆಯಾಗಿ ಉಳಿಯುವುದೇ ಇಲ್ಲ. ಹೇಳಿದವರನ್ನು ಕೊನೆಯ ಸರತಿಗೆ ತಳ್ಳುವ, 'ರಾಯಚೂರಿಗೆ ಹೋಗ್ರಿ' ಎಂದು ಸಾಗಹಾಕುವ ಕಡೆ ಮುಂದಿನವರು ಬಾಯಿ ಬಿಡುವುದಿಲ್ಲ. ಅಂಥ ಕಡೆ ಹೇಳದವರೇ ಹೆಚ್ಚು. ದೂರ ತಳ್ಳಿ ಪಡೆದ ಸುರಕ್ಷತೆ ಬರೀ ಭ್ರಮೆ.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು ಅದರ 3ನೆಯ ಕಲಂ ನಿಷೇಧಿಸುತ್ತದೆ. ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ ಎನ್ನುತ್ತದೆ 5ನೆಯದು. ಸೋಂಕಿನ ವಿಷಯ ಬಯಲು ಮಾಡುವುದಕ್ಕೆ 8ನೆಯದು ತಡೆ ಹಾಕುತ್ತದೆ. ಆರೋಗ್ಯ ಸಿಬ್ಬಂದಿಗೆ ಸುರಕ್ಷತಾ ಸಾಮಗ್ರಿ, ತಡೆ ಔಷಧಿ ಒದಗಿಸುವ ಹೊಣೆಯನ್ನು ಅದೇ ಕಾಯ್ದೆ ಸಂಸ್ಥೆಗಳ ಮೇಲೆ ಹೊರಿಸಿದೆ. ರೋಗಿಯ ಹಕ್ಕು, ವೈದ್ಯರ ಹಕ್ಕು ಒಂದೇ ಹಾಳೆಯಲ್ಲಿವೆ.

ಒಟ್ಟಾರೆ

ನಲವತ್ತು ವರ್ಷದ ತಿಳಿವಳಿಕೆಯನ್ನು ಒಟ್ಟು ಮಾಡಿ ನೋಡಿದರೆ ಚಿತ್ರ ಸ್ಪಷ್ಟ. ಬಾಯಿಯ ಕುರುಹುಗಳು ಅಗ್ಗದ, ಬರಿಗಣ್ಣಿಗೆ ಕಾಣುವ, ಬೇಗ ಸಿಗುವ ಸಾಕ್ಷಿ. ಪೂರ್ಣ ಸಾಕ್ಷಿಯಲ್ಲ, ಪರೀಕ್ಷೆಗೆ ದಾರಿ ತೋರುವ ಕೈಮರ. ಚಿಕಿತ್ಸೆ ಉಚಿತವಿದೆ, ನಿಯಮ ತಪ್ಪದೆ ನುಂಗಿ ವೈರಸ್ ಪತ್ತೆಯಾಗದಷ್ಟು ಇಳಿಸಿಕೊಂಡವರು ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟಿಸುವುದಿಲ್ಲ. ಇಷ್ಟೆಲ್ಲ ಇದ್ದೂ ಸಾವು ಬಂದರೆ ಅದು ತಡದಿಂದ ಬಂದ ಸಾವು. ಆ ತಡದ ಒಂದು ಪಾಲು ಔಷಧಿ ಅಂಗಡಿಯ ಕಟ್ಟೆಯ ಮೇಲೆ, ಒಂದು ಪಾಲು ಹಲ್ಲಿನ ಕುರ್ಚಿಯ ಮೇಲೆ ಕಳೆದುಹೋಗುತ್ತದೆ.

ಇದಕ್ಕೆ ಹೊಸ ಆಸ್ಪತ್ರೆ ಬೇಕಿಲ್ಲ. ಈ ಮೂರು ತಾಲ್ಲೂಕುಗಳ ಪ್ರತಿ ಹಲ್ಲಿನ ದವಾಖಾನೆಯ ಮೇಜಿನ ಮೇಲೆ ಐಸಿಟಿಸಿಗೆ ಬರೆಯುವ ಚೀಟಿಯ ಕಟ್ಟು ಒಂದಿರಲಿ. ಆಶಾ ಕಾರ್ಯಕರ್ತೆಯರಿಗೆ, ಔಷಧಿ ಅಂಗಡಿಯವರಿಗೆ, ಆರ್‌ಎಂಪಿಗಳಿಗೆ 'ಎರಡು ವಾರ' ಎಂಬ ಒಂದೇ ಪಾಠ ಕಲಿಸಿದರೂ ಸಾಕು: ಎರಡು ವಾರಕ್ಕೆ ಮಾಯದ ಹುಣ್ಣಿಗೆ, ಹೋಗದ ಬಿಳುಪಿಗೆ ಮತ್ತೊಂದು ಪಟ್ಟಿ ಗುಳಿಗೆ ಕೊಡಬೇಡಿ, ಬಾಯಿ ತೋರಿಸಲು ಕಳಿಸಿ. ಅದು ಎಚ್‌ಐವಿ ಆಗಿರದೆ ಸಕ್ಕರೆ ಕಾಯಿಲೆಯೋ ಕ್ಯಾನ್ಸರಿನ ಮೊದಲ ಮೆಟ್ಟಿಲೋ ಆಗಿದ್ದರೂ ಕಳಿಸಿದ್ದು ವ್ಯರ್ಥವಾಗುವುದಿಲ್ಲ.

ಓದಿದ ನೀವು ಇವತ್ತು ರಾತ್ರಿ ಕನ್ನಡಿಯ ಮುಂದೆ ನಿಂತು ನಾಲಿಗೆ ಹೊರಚಾಚಿ ಎರಡೂ ಅಂಚು ನೋಡಿಕೊಳ್ಳಿ. ಅನುಮಾನವಿದ್ದು ಯಾರೊಡನೆಯೂ ಹೇಳಲು ಮುಜುಗರವಾದರೆ 1097ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ.